ಹಾಲು ಹೆಪ್ಪಾಗಲಿಲ್ಲ, ಯಾಕೆ?

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮೂರು ದಿನ ಮೊಸರಾಗಲಿಲ್ಲ. ರಾತ್ರಿ ಹೆಪ್ಪು ಹಾಕಿ ಮುಚ್ಚಿಟ್ಟ ಹಾಲು ಬೆಳಿಗ್ಗೆ ನೋಡಿದರೆ ಹಾಲಾಗಿಯೇ ಇರುತ್ತಿತ್ತು. ಹುಳಿಯೂ ಇಲ್ಲ, ಗಟ್ಟಿಯೂ ಇಲ್ಲ. ಸಂಜೆಯ ಹೊತ್ತಿಗೆ ಒಂದು ನಮೂನೆ ಕಹಿ ವಾಸನೆ. ನಮ್ಮ ಮನೆಯಾಕೆ ಮೊದಲ ದಿನ ಹೆಪ್ಪನ್ನು ಬೈದಳು. ಎರಡನೆಯ ದಿನ ಮಳೆಯ ಥಂಡಿಯನ್ನು ಬೈದಳು. ಮೂರನೆಯ ದಿನ ಆಕಳಿಗೆ ಯಾರದೋ ದೃಷ್ಟಿ ತಾಗಿದೆ ಎಂದು ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು.

ನಾನು ಸುಮ್ಮನಿದ್ದೆ. ಸುಮ್ಮನಿರಲು ಕಾರಣ ಇತ್ತು, ಮುಂದೆ ಹೇಳುತ್ತೇನೆ.

ನಮ್ಮದು ಬೀದರ ಜಿಲ್ಲೆಯ ಬೇಮಳಖೇಡ. ಹುಮನಾಬಾದ ಸೀಮೆಯ ಕೆಂಪು ಮಣ್ಣು, ಪೂರಾ ಮಳೆ ನಂಬಿದ ಬೇಸಾಯ. ತೊಗರಿ, ಜೋಳ, ಹೆಸರು, ಉದ್ದು, ಈಚೆಗೆ ಸೋಯಾ. ಪೀಕು ಬಂದರೆ ವರ್ಷಕ್ಕೊಮ್ಮೆ ರೊಕ್ಕ. ವಾರವಾರ ಕೈಗೆ ನಾಲ್ಕು ಕಾಸು ಬರುವುದು ದನದಿಂದ ಮಾತ್ರ. ಒಂದು ದೇವಣಿ ಆಕಳು, ಒಂದು ಜರ್ಸಿ ಮಿಶ್ರತಳಿ, ಒಂದು ಎಮ್ಮೆ ಇವೆ. ದೇವಣಿ ಹಾಲು ಮನೆ ಮಕ್ಕಳಿಗೆ ಮತ್ತು ಅದರ ಕರುವಿಗೆ. ಮಾರುವುದು ಜರ್ಸಿ ಮತ್ತು ಎಮ್ಮೆಯ ಹಾಲು.

ಹೆಸರು ರಾಶಿಯ ಗಡಿಬಿಡಿಯಲ್ಲಿ ಜರ್ಸಿಗೆ ಕೆಚ್ಚಲು ಬಾವು ಬಂತು. ಬಲಗಡೆಯ ಹಿಂದಿನ ಮೊಲೆ ಬಿಸಿಯಾಗಿ ಕಲ್ಲಿನ ಹಾಗೆ ಆಯಿತು, ಹಾಲಿನಲ್ಲಿ ಚೂರು ಚೂರು ಗಡ್ಡೆ. ಹೊಲದಲ್ಲಿ ಕಿತ್ತು ಹಾಕಿದ ಹೆಸರು, ಮೇಲೆ ಮೋಡ. ಡಾಕ್ಟರನ್ನು ಕರೆಯಲು ಹೋದರೆ ಅರ್ಧ ದಿನ ಹೋಗುತ್ತದೆ ಎಂದು ಪೇಟೆಯ ಒಂದು ಔಷಧಿ ಅಂಗಡಿಯಿಂದ ಮೊಲೆಗೆ ಬಿಡುವ ಟ್ಯೂಬು ತಂದು ನಾನೇ ಬಿಟ್ಟೆ. ಮುಂಚೆ ಡಾಕ್ಟರು ಬಿಟ್ಟದ್ದನ್ನು ನೋಡಿದ್ದೆನಲ್ಲ, ಆ ಧೈರ್ಯ. ಮೂರನೆಯ ದಿನಕ್ಕೆ ಬಾವು ಇಳಿಯಿತು, ಹಾಲು ನೋಡಲು ಸ್ವಚ್ಛವಾಯಿತು. ಅಂದೇ ಸಂಜೆ ನಾಲ್ಕೂ ಮೊಲೆಯ ಹಾಲನ್ನು ಕೂಡಿಸಿ ಮನೆಗೂ ಇಟ್ಟುಕೊಂಡೆ, ಮಾರಿಯೂ ಬಿಟ್ಟೆ. ಅಂಗಡಿಯವನು ಹಾಲು ಚೆಲ್ಲಬೇಕು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಳಗೊಳಗೆ ಸಂಶಯ ಇತ್ತು, ಅದಕ್ಕೇ ಸುಮ್ಮನಿದ್ದೆ.

ನಮ್ಮ ಹಾಲು ಒಯ್ಯುವವರಲ್ಲಿ ಹಿಂದಿನ ಓಣಿಯ ಒಬ್ಬ ಹೆಣ್ಣುಮಗಳು ಇದ್ದಾಳೆ. ಮೊಸರು ಮಾಡಿ ಸಂತೆಯಲ್ಲಿ ಮಾರಿ ಸಂಸಾರ ತೂಗಿಸುವವಳು. ನಾಲ್ಕನೆಯ ದಿನ ಮುಂಜಾನೆ ಖಾಲಿ ಗಡಿಗೆ ಹಿಡಿದುಕೊಂಡು ಬಾಗಿಲಿಗೆ ಬಂದಳು. "ಅಣ್ಣಾ, ಹಾಲಿನಾಗ ಯಾನ್ ಹಾಕೀರಿ? ನೀರು ಹಾಕಿದ್ರ ಮಸರು ತೆಳ್ಳಗಾಗ್ತದ. ಇದು ಆಗೇ ಇಲ್ಲ. ಸೋಡಾ ಹಾಕೀರೇನು?" ಎಂದಳು. ಜಗಳ ಮಾಡಿದ್ದರೆ ನಾನೂ ಮಾತಿಗೆ ಮಾತು ಕೊಡುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು. ಎರಡು ಸಂತೆಯ ಮೊಸರು ಹೋಗಿತ್ತು. ಆ ರೊಕ್ಕ ಕೊಟ್ಟೆ, ತೆಗೆದುಕೊಂಡಳು. ಆದರೆ ಎರಡು ತಿಂಗಳು ನಮ್ಮ ಮನೆಯ ಹಾಲು ಒಯ್ಯಲಿಲ್ಲ.

ಎರಡು ಬಟ್ಟಲು

ಅಂದು ರಾತ್ರಿ ನಾನೇ ಒಂದು ಪರೀಕ್ಷೆ ಮಾಡಿದೆ. ಒಂದು ಬಟ್ಟಲಿಗೆ ಎಮ್ಮೆ ಹಾಲು, ಇನ್ನೊಂದಕ್ಕೆ ಜರ್ಸಿ ಹಾಲು. ಎರಡನ್ನೂ ಕಾಯಿಸಿ ಆರಿಸಿ, ಒಂದೇ ಹೆಪ್ಪು ಒಂದೊಂದು ಚಮಚ ಹಾಕಿ, ಒಂದೇ ಮೂಲೆಯಲ್ಲಿ ಇಟ್ಟೆ. ಬೆಳಿಗ್ಗೆ ಎಮ್ಮೆಯದು ಕಲ್ಲಿನ ಹಾಗೆ ಹೆಪ್ಪಾಗಿತ್ತು. ಜರ್ಸಿಯದು ಹಾಲು. ಹೆಪ್ಪಿನ ತಪ್ಪಲ್ಲ, ಥಂಡಿಯ ತಪ್ಪಲ್ಲ, ದೃಷ್ಟಿಯೂ ಅಲ್ಲ ಎಂದು ಖಾತ್ರಿಯಾಯಿತು.

ನನ್ನ ತಮ್ಮನ ಮಗಳು ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಾಳೆ. ಆ ವಾರ ರಜೆಗೆ ಬಂದಿದ್ದಳು. ಬಟ್ಟಲು ನೋಡಿದವಳೇ, "ದೊಡ್ಡಪ್ಪಾ, ಕೆಚ್ಚಲಿಗಿ ಯಾವ ಔಷಧಿ ಬಿಟ್ಟೀರಿ?" ಎಂದಳು. ತಿಪ್ಪೆಯಿಂದ ಟ್ಯೂಬಿನ ಖಾಲಿ ಡಬ್ಬಿ ಹುಡುಕಿ ತಂದೆ. ಇರುವೆಯಂಥ ಅಕ್ಷರದಲ್ಲಿ, ಕೊನೆಯ ಟ್ಯೂಬಿನ ನಂತರ ಎಷ್ಟು ತಾಸು ಹಾಲು ಬಳಸಬಾರದು ಎಂದು ಅದರ ಮೇಲೆ ಅಚ್ಚು ಹಾಕಿತ್ತು. ಏಳನೇ ತರಗತಿ ಓದಿದವನು ನಾನು, ಕನ್ನಡದಲ್ಲಿ ಇದ್ದರೆ ಓದುತ್ತಿದ್ದೆ.

"ಮಸರಾಗಾದು ಅಂದ್ರ ಬ್ಯಾಕ್ಟೀರಿಯಾ ಬೆಳೆಯೋದು. ಈ ಔಷಧಿ ಬ್ಯಾಕ್ಟೀರಿಯಾ ಕೊಲ್ಲಾದು. ಕೆಚ್ಚಲಾಗಿಂದೂ ಕೊಲ್ತದ, ಗಡಿಗ್ಯಾಗಿಂದೂ ಕೊಲ್ತದ. ಅದಕ್ಕ ಯಾವುದು ಕೆಟ್ಟದ್ದು, ಯಾವುದು ಚಲೋದು ಅಂತ ಗೊತ್ತಾಗಂಗಿಲ್ಲ," ಎಂದಳು. ದೊಡ್ಡ ಡೇರಿಗಳಲ್ಲಿ ಇದೇ ನಮೂನೆಯ ಪರೀಕ್ಷೆ ಇದೆಯಂತೆ. ಹಾಲಿಗೆ ಒಂದು ಜಾತಿಯ ಬ್ಯಾಕ್ಟೀರಿಯಾ ಮತ್ತು ಬಣ್ಣ ಸೇರಿಸಿ ಬಿಸಿಯಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದರೆ ಹುಳಿಯಾಗಿ ಬಣ್ಣ ತಿರುಗುತ್ತದೆ. ತಿರುಗದಿದ್ದರೆ ಹಾಲಿನಲ್ಲಿ ಔಷಧಿ ಇದೆ ಎಂದು ಲೆಕ್ಕ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯಲು ಕೂಡುತ್ತಿರಲಿಲ್ಲ. ಅವಳು ಮುಂದೆ ಹೇಳಿದ ಕತೆಯಿಂದ ನನ್ನ ತಲೆಯೊಳಗೆ ಹುಳ ಬಿಟ್ಟಂತಾಯಿತು.

ಔಷಧಿ ಇಲ್ಲದೆಯೂ ಕೆಟ್ಟ ಹಾಲು

1930ರ ಸುಮಾರಿಗೆ ನ್ಯೂಜಿಲೆಂಡ್ ದೇಶದಲ್ಲಿ ಚೀಸ್ ಮಾಡುವವರಿಗೆ ನನ್ನಂಥದೇ ತೊಂದರೆ ಬಂತು. ಚೀಸ್ ಎಂದರೆ ಹಾಲನ್ನು ಹುಳಿ ಬರಿಸಿ, ಒಡೆಸಿ, ಒತ್ತಿ ಗಟ್ಟಿ ಮಾಡಿದ ಪದಾರ್ಥ. ಅದಕ್ಕೂ ಹೆಪ್ಪು ಬೇಕು. ಕೆಲವು ದಿನ ಹೆಪ್ಪು ಕೆಲಸವನ್ನೇ ಮಾಡುತ್ತಿರಲಿಲ್ಲ, ಹುಳಿ ಬಹಳ ತಡವಾಗಿ ಬರುತ್ತಿತ್ತು. ಆಗ ಆಕಳಿಗೆ ಬಿಡುವ ಪೆನಿಸಿಲಿನ್ ಟ್ಯೂಬು ಯಾವುದೂ ಇರಲಿಲ್ಲ. ಪೆನಿಸಿಲಿನ್ ಆಸ್ಪತ್ರೆಗಳಿಗೆ ಬಂದದ್ದೇ 1940ರ ನಂತರ. ಹಾಗಾದರೆ ಹಾಲಿನಲ್ಲಿ ಹೆಪ್ಪನ್ನು ಕೊಂದದ್ದು ಯಾರು?

ವೈಟ್‌ಹೆಡ್ ಎಂಬ ವಿಜ್ಞಾನಿ ಹುಡುಕುತ್ತಾ ಹೋಗಿ 1933ರಲ್ಲಿ ಉತ್ತರ ಬರೆದರು. ಹಾಲಿನಲ್ಲಿಯೇ ಇದ್ದ ಇನ್ನೊಂದು ಹುಳಿ ಬ್ಯಾಕ್ಟೀರಿಯಾ ಏನನ್ನೋ ಸ್ರವಿಸಿ ಹೆಪ್ಪಿನ ಬ್ಯಾಕ್ಟೀರಿಯಾವನ್ನು ತಡೆಯುತ್ತಿತ್ತು. ಆ ವಸ್ತು ಪ್ರೋಟೀನ್ ಜಾತಿಯದು ಎಂದೂ ಗುರುತಿಸಿದರು. ಇಂಥದೇ ಸಂಗತಿಯನ್ನು ಅಮೆರಿಕದಲ್ಲಿ ರೋಜರ್ಸ್ ಮತ್ತು ವಿಟಿಯರ್ ಎಂಬ ಇಬ್ಬರು 1928ರಲ್ಲಿಯೇ ಗಮನಿಸಿದ್ದರು. ಪೆನಿಸಿಲಿನ್ ಗುಣ ಫ್ಲೆಮಿಂಗ್ ಕಣ್ಣಿಗೆ ಬಿದ್ದದ್ದೂ ಅದೇ ವರ್ಷ. ಅದು ಜಗತ್ತಿಗೆಲ್ಲ ಗೊತ್ತಾಯಿತು, ಹಾಲಿನ ಗಡಿಗೆಯ ಸುದ್ದಿ ಗಡಿಗೆಯಲ್ಲೇ ಉಳಿಯಿತು.

1947ರಲ್ಲಿ ಇಂಗ್ಲೆಂಡಿನ ಮ್ಯಾಟಿಕ್ ಮತ್ತು ಹಿರ್ಷ್ ಎಂಬುವರು ಇದಕ್ಕೆ ನೈಸಿನ್ ಎಂದು ಹೆಸರಿಟ್ಟರು. 'ಎನ್' ಗುಂಪಿನ ಬ್ಯಾಕ್ಟೀರಿಯಾ ಮಾಡುವ ತಡೆವಸ್ತು ಎಂಬುದರಿಂದ ಬಂದ ಹೆಸರು. ಹೀಗೆ ಬ್ಯಾಕ್ಟೀರಿಯಾ ತಾನು ಬದುಕಲು ತನ್ನ ಬಳಗದ ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಮಾಡುವ ಪ್ರೋಟೀನಿನಂಥ ವಸ್ತುಗಳಿಗೆಲ್ಲ ಬ್ಯಾಕ್ಟೀರಿಯೋಸಿನ್ ಎನ್ನುತ್ತಾರೆ.

ನನಗೆ ಅರ್ಥವಾದ ಹಾಗೆ ಹೇಳುವುದಾದರೆ ಹೀಗೆ. ಬೇಳೆಯಲ್ಲಿರುವ ಪ್ರೋಟೀನ್ ಒಂದು ಉದ್ದನೆಯ ಮಣಿಸರ. ಅಮೈನೋ ಆಮ್ಲ ಎನ್ನುವುದು ಅದರ ಒಂದೊಂದು ಮಣಿ. ಅಂಥ ಸರ ಗಿಡ್ಡ ಇದ್ದರೆ ಅದಕ್ಕೆ ಪೆಪ್ಟೈಡ್ ಎಂದು ಹೆಸರು. ನೈಸಿನ್ನಿನಲ್ಲಿ ಇರುವುದು 34 ಮಣಿ. 1971ರಲ್ಲಿ ಅದರ ಪೂರ್ತಿ ಜೋಡಣೆ ತಿಳಿಯಿತು. ಸರದ ನಡುನಡುವೆ ಐದು ಕಡೆ ಉಂಗುರದ ಹಾಗೆ ಗಂಟು ಬಿದ್ದಿದೆ. ಈ ಗಂಟುಗಳಿಂದ ಅದಕ್ಕೆ ಗಟ್ಟಿತನ. ಹುಳಿಯಲ್ಲಿ ಇದ್ದರೆ ಕುದಿಸಿದರೂ ಅದು ಹಾಳಾಗುವುದಿಲ್ಲ.

ಕೊಲ್ಲುವ ರೀತಿ ನೋಡಿ. ಬ್ಯಾಕ್ಟೀರಿಯಾದ ಮೈಸುತ್ತ ಗೋಡೆ ಇರುತ್ತದೆ. ಆ ಗೋಡೆಗೆ ಇಟ್ಟಿಗೆ ಹೊತ್ತು ತರುವ ಒಂದು ಕೂಲಿ ಅಣು ಒಳಗೆ ಇದೆ. ನೈಸಿನ್ ಹೋಗಿ ಆ ಕೂಲಿಯನ್ನೇ ಹಿಡಿದುಕೊಳ್ಳುತ್ತದೆ. ಗೋಡೆಯ ಕೆಲಸ ನಿಲ್ಲುತ್ತದೆ. ಅಷ್ಟೇ ಅಲ್ಲ, ಹಿಡಿದುಕೊಂಡ ಜಾಗದಲ್ಲಿ ಒಳಪೊರೆಗೆ ತೂತು ಬೀಳಿಸುತ್ತದೆ, ಒಳಗಿನದೆಲ್ಲ ಸೋರಿ ಬ್ಯಾಕ್ಟೀರಿಯಾ ಸಾಯುತ್ತದೆ. ಇಷ್ಟಕ್ಕೆ ಬಹಳ ಸ್ವಲ್ಪ ನೈಸಿನ್ ಸಾಕು. ತಯಾರಿಸಿದ ಬ್ಯಾಕ್ಟೀರಿಯಾ ತಾನು ಸಾಯದಂತೆ ತನ್ನ ಬಂದೋಬಸ್ತು ಮೊದಲೇ ಮಾಡಿಕೊಂಡಿರುತ್ತದೆ.

ಕೆಚ್ಚಲಿಗೆ ಬಂದು, ಡಬ್ಬಿಗೆ ಹೋಯಿತು

ನನಗೆ ಬಹಳ ಸೋಜಿಗ ಎನಿಸಿದ್ದು ಇನ್ನು ಮುಂದಿನದು. ನೈಸಿನ್ ಸಿಕ್ಕಾಗ ಅದನ್ನು ಮೊದಲು ಬಳಸಿ ನೋಡಿದ ಕೆಲಸಗಳಲ್ಲಿ ಒಂದು ಆಕಳ ಕೆಚ್ಚಲು ಬಾವು. ಇಂಗ್ಲೆಂಡಿನಲ್ಲಿ 1949ರಲ್ಲಿ ಅದರ ವರದಿ ಪ್ರಕಟವಾಯಿತು. ಔಷಧಿಯಾಗಿ ಅದು ಊರ್ಜಿತವಾಗಲಿಲ್ಲ. ಪೆನಿಸಿಲಿನ್ ಆಗಲೇ ಪೇಟೆಗೆ ಬಂದಿತ್ತು, ಅದರ ಮುಂದೆ ಇದನ್ನು ಯಾರು ಕೇಳುತ್ತಾರೆ?

ಹಿರ್ಷ್ ಮತ್ತು ಜೊತೆಗಾರರು 1951ರಲ್ಲಿ ಇದನ್ನು ಚೀಸ್ ಕಡೆಗೆ ತಿರುಗಿಸಿದರು. ಚೀಸಿನ ಗಡ್ಡೆಯೊಳಗೆ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆದು ಗಾಳಿ ತುಂಬಿ ಒಡೆಯುತ್ತಿತ್ತು. ಇದರ ಬೀಜ ಕುದಿಸಿದರೂ ಸಾಯುವಂಥದಲ್ಲ. ನೈಸಿನ್ ಅದನ್ನು ಮೊಳೆಯಲು ಬಿಡಲಿಲ್ಲ. 1953ರಿಂದ ಇಂಗ್ಲೆಂಡಿನಲ್ಲಿ ಮಾರಾಟವೂ ಶುರುವಾಯಿತು. 1969ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ಸಮಿತಿ ಒಪ್ಪಿತು, 1988ರಲ್ಲಿ ಅಮೆರಿಕ ಒಪ್ಪಿತು. ನಮ್ಮ ದೇಶದಲ್ಲಿಯೂ ಸಂಸ್ಕರಿಸಿದ ಚೀಸಿನಂಥ ಪದಾರ್ಥಗಳಿಗೆ ಮಿತಿ ಹಾಕಿ ಅನುಮತಿ ಕೊಟ್ಟಿದ್ದಾರೆ. ಡಬ್ಬಿಯ ಮೇಲೆ 234 ಎಂಬ ನಂಬರು ಕಂಡರೆ ಅದೇ ನೈಸಿನ್. ಮೊಮ್ಮಗನಿಗೆ ತಂದ ಚೀಸಿನ ಡಬ್ಬಿಯ ಮೇಲೆ ನಾನೇ ಕನ್ನಡಕ ಹಾಕಿಕೊಂಡು ಹುಡುಕಿದೆ, ಸಿಕ್ಕಿತು.

ಇದನ್ನು ತಿಂದರೆ ನಮಗೇನೂ ಆಗುವುದಿಲ್ಲವೇ ಎಂದು ಕೇಳಿದೆ. ಪ್ರೋಟೀನ್ ತಾನೆ, ನಮ್ಮ ಕರುಳಿನ ಜೀರ್ಣರಸ ಬೇಳೆಯನ್ನು ಒಡೆದ ಹಾಗೆ ಇದನ್ನೂ ಒಡೆದು ಹಾಕುತ್ತದೆ. ಇದನ್ನು ಆಹಾರಕ್ಕೆ ಒಪ್ಪಲು ಅದೂ ಒಂದು ಕಾರಣ. ಹಾಗೆಯೇ ಇದನ್ನು ಗುಳಿಗೆ ಮಾಡಿ ನುಂಗಿದರೆ ರಕ್ತಕ್ಕೆ ಹೋಗಿ ಜ್ವರ ಬಿಡಿಸುವುದಿಲ್ಲ ಎಂಬುದಕ್ಕೂ ಅದೇ ಕಾರಣ.

ಈಗ ಮತ್ತೆ ಕೆಚ್ಚಲಿನ ಕಡೆ ಗಾಳಿ ತಿರುಗಿದೆ. ಆಂಟಿಬಯೋಟಿಕ್ ಔಷಧಿಗಳನ್ನು ಮನುಷ್ಯರಿಗೂ ದನಕ್ಕೂ ಕೋಳಿಗೂ ಬೇಕಾಬಿಟ್ಟಿ ಬಳಸಿ, ಅವುಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಹುಟ್ಟಿವೆ. ನಾವು ಒಂದೇ ಕೀಟನಾಶಕವನ್ನು ತೊಗರಿಯ ಕಾಯಿಕೊರಕಕ್ಕೆ ಹೊಡೆದು ಹೊಡೆದು ಹುಳವನ್ನೇ ಗಟ್ಟಿ ಮಾಡಿದೆವಲ್ಲ, ಹಾಗೆ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ತಾಗದಾಗ ಕೊನೆಗೆ ಕೊಡುವ ಕೊಲಿಸ್ಟಿನ್ ಎಂಬುದನ್ನು ಕೋಳಿ ಆಹಾರದಲ್ಲಿ ಹಾಕುತ್ತಿದ್ದರು. 2019ರ ಜುಲೈಯಲ್ಲಿ ಕೇಂದ್ರ ಸರ್ಕಾರ ಅದನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಬಳಸುವಂತಿಲ್ಲ ಎಂದು ನಿಷೇಧಿಸಿತು.

ಆದ್ದರಿಂದ ಬ್ಯಾಕ್ಟೀರಿಯೋಸಿನ್ ಹುಡುಕಾಟ ಜೋರಾಗಿದೆ. ಅಮೆರಿಕದಲ್ಲಿ ಹಾಲು ಕರೆಯುವ ಮುಂಚೆ ಮೊಲೆ ಒರೆಸಲು ನೈಸಿನ್ ಹಚ್ಚಿದ ಒರೆಸುಬಟ್ಟೆ ಬಂದಿತ್ತು. ಐರ್ಲೆಂಡಿನವರು ಕೆಫೀರ್ ಎಂಬ ಹುಳಿಹಾಲಿನ ಗಡ್ಡೆಯಿಂದ ತೆಗೆದ ಬ್ಯಾಕ್ಟೀರಿಯಾ ಮಾಡುವ ಲ್ಯಾಕ್ಟಿಸಿನ್ 3147 ಎಂಬುದನ್ನು ಹಾಲು ಬತ್ತಿಸಿದ ಆಕಳ ಮೊಲೆಗೆ ಬಿಟ್ಟು, ಬೇಕೆಂದೇ ರೋಗದ ಬ್ಯಾಕ್ಟೀರಿಯಾ ತಾಗಿಸಿ ನೋಡಿದರು. ಅದನ್ನು ಬಿಟ್ಟ ಮೊಲೆಗಳಲ್ಲಿ ಬಾವು ಕಡಿಮೆ ಬಂತೆಂದು 1999ರಲ್ಲಿ ಬರೆದರು.

ಮೈಸೂರಿನ ಸೌತೆಕಾಯಿ

ಇದೆಲ್ಲ ಹೊರದೇಶದ ಮಾತಾಯಿತು ಎಂದುಕೊಳ್ಳಬೇಡಿ. ನಮ್ಮ ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾಲಯ ಇದೆ, ಸಿ.ಎಫ್.ಟಿ.ಆರ್.ಐ. ಎಂದು ಕರೆಯುತ್ತಾರೆ. ಅಲ್ಲಿ ಪ್ರಕಾಶ ಹಳಮಿ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಬಹಳ ವರ್ಷದಿಂದ ಈ ಕೆಲಸ ಮಾಡಿದ್ದಾರೆ. ಉಪ್ಪುನೀರಿನಲ್ಲಿ ಹುಳಿ ಬರುತ್ತಿರುವ ಸೌತೆಕಾಯಿಯಲ್ಲಿ ಪೀಡಿಯೋಸಿನ್ ತರಹದ ಬ್ಯಾಕ್ಟೀರಿಯೋಸಿನ್ ಮಾಡುವ ಬ್ಯಾಕ್ಟೀರಿಯಾಗಳು ಇವೆ ಎಂದು ಅವರು 2005ರಲ್ಲಿ ಪ್ರಕಟಿಸಿದರು. ಬೇರೆ ಮೂಲಗಳಿಂದಲೂ ಇಂಥ ಬ್ಯಾಕ್ಟೀರಿಯಾಗಳನ್ನು ಅವರು ತೆಗೆದಿದ್ದಾರೆ.

ಪೀಡಿಯೋಸಿನ್ ಎಂಬುದು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಕ್ಕೆ ದೊಡ್ಡ ವೈರಿ. ಕುರಿ ಸಾಕುವವರು ಈ ಹೆಸರನ್ನು ನೆನಪಿಡಬೇಕು. ಸರಿಯಾಗಿ ಹುಳಿ ಬರದ, ಗಾಳಿ ಸೇರಿದ ರಸಮೇವು ತಿಂದ ಕುರಿಗಳು ತಲೆ ಒಂದು ಕಡೆ ವಾಲಿಸಿ ಸುತ್ತು ಹಾಕಿ ಹಾಕಿ ಸಾಯುವುದು ಈ ಲಿಸ್ಟೀರಿಯಾದಿಂದ. ಕಾರಂಜಾ ನೀರು ಹರಿಯುವ ಕಡೆಯವರು ಮೆಕ್ಕೆಜೋಳದ ರಸಮೇವು ಮಾಡುವುದಿದ್ದರೆ ಚೆನ್ನಾಗಿ ತುಳಿದು ಗಾಳಿ ಹೊರಹಾಕಿ ಮುಚ್ಚಲಿ. ಬೂಸ್ಟು ಬಂದ ಭಾಗವನ್ನು ದನಕ್ಕಾಗಲಿ ಕುರಿಗಾಗಲಿ ಹಾಕಬೇಡಿ.

ಇಲ್ಲಿ ಒಂದು ಮಾತು ಸ್ಪಷ್ಟ ಇರಲಿ. ಹುಳಿ ಬರಿಸುವ ಬ್ಯಾಕ್ಟೀರಿಯಾಗಳೆಲ್ಲ ಬ್ಯಾಕ್ಟೀರಿಯೋಸಿನ್ ಮಾಡುವುದಿಲ್ಲ. ಕೆಲವು ತಳಿ ಮಾತ್ರ ಮಾಡುತ್ತವೆ. ಮಾರುತಿ ತೊಗರಿ ಸೊರಗು ರೋಗ ತಡೆಯುತ್ತದೆ, ಅದೇ ಹೊಲದ ಬೇರೆ ತಳಿ ಒಣಗಿ ನಿಲ್ಲುತ್ತದೆ. ನೋಡಲು ಎರಡೂ ತೊಗರಿಯೇ. ಸೌತೆಕಾಯಿಯಿಂದ ಬ್ಯಾಕ್ಟೀರಿಯಾ ತೆಗೆಯುವ ವಿಜ್ಞಾನಿ ಮಾಡುವುದೂ ನಾವು ತೆನೆ ಆರಿಸುವಂಥ ಕೆಲಸವೇ, ಕಣ್ಣಿಗೆ ಕಾಣದ ಬೆಳೆಯಲ್ಲಿ.

ನಮ್ಮ ಅಂಬಲಿ ಗಡಿಗೆ

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಒಯ್ಯುವ ಅಂಬಲಿ ಗೊತ್ತಲ್ಲ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು ಏನೇ ಇರಲಿ, ಅಂಬಲಿ ಗಡಿಗೆ ಇಲ್ಲದೆ ಚರಗ ಚೆಲ್ಲುವುದಿಲ್ಲ. ನಮ್ಮ ಅವ್ವ ಮಾಡುತ್ತಿದ್ದುದು ಹೀಗೆ. ಜೋಳದ ಹಿಟ್ಟನ್ನು ಹುಳಿ ಮಜ್ಜಿಗೆಯಲ್ಲಿ ಕಲಸಿ ಗಡಿಗೆಯಲ್ಲಿ ಹಾಕಿ ಒಲೆಯ ಪಕ್ಕ ಇಡುತ್ತಿದ್ದಳು. ಚಳಿ ಜಾಸ್ತಿ ಇದ್ದರೆ ಗೋಣಿಚೀಲ ಸುತ್ತುವಳು. ಹುಳಿ ಬಂದ ಮೇಲೆ ನೀರಿಗೆ ಬಿಟ್ಟು ಕುದಿಸಿ, ಆರಿದ ಮೇಲೆ ಮತ್ತೆ ಮಜ್ಜಿಗೆ ಕೂಡಿಸಿ, ಬಳ್ಳೊಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ ಕುಟ್ಟಿ ಹಾಕುವಳು. ಕಲಸುವ ಗಡಿಗೆಯನ್ನು ಪೂರ್ತಿ ತೊಳೆಯುತ್ತಿರಲಿಲ್ಲ. ತಳದಲ್ಲಿ ಒಂದು ಹಿಡಿ ಹಳೆಯದು ಉಳಿಸುವಳು. ಸೊಸೆಯರು ತಿಕ್ಕಿ ಬೆಳಗಿದರೆ "ಗಡಿಗಿ ಕೆಡಿಸಿದ್ರಿ" ಎಂದು ಸಿಟ್ಟಾಗುವಳು.

ಆಗ ನಮಗೆ ಅದು ಮುದುಕಿಯ ಹಟ. ಹೋದ ಚಳಿಗಾಲದಲ್ಲಿ ನಾನು ಎರಡು ಗಡಿಗೆ ಇಟ್ಟು ನೋಡಿದೆ. ಒಂದರಲ್ಲಿ ಹಿಟ್ಟು, ನೀರು ಮತ್ತು ಹಳೆಯ ಹುಳಿ ಒಂದು ಬಟ್ಟಲು. ಇನ್ನೊಂದರಲ್ಲಿ ಬರೀ ಹಿಟ್ಟು ಮತ್ತು ನೀರು. ಮೊದಲನೆಯದು ಮರುದಿನಕ್ಕೆ ಹದವಾಗಿ ಹುಳಿ ಬಂತು. ಎರಡನೆಯದು ಮರುದಿನ ಏನೂ ಆಗಲಿಲ್ಲ, ಮೂರನೆಯ ದಿನಕ್ಕೆ ಗುಳ್ಳೆ ಎದ್ದು ಕೆಟ್ಟ ವಾಸನೆ ಬಂತು. ಹೊಲಕ್ಕೆ ಮೊದಲು ಬೀಜ ಬಿತ್ತಿದರೆ ಬೆಳೆ ಏಳುತ್ತದೆ, ಬಿತ್ತದೆ ಬಿಟ್ಟರೆ ಕಸ ಏಳುತ್ತದೆ, ಅಷ್ಟೇ ಲೆಕ್ಕ.

ಆದರೆ ಇದನ್ನೆಲ್ಲ ಬ್ಯಾಕ್ಟೀರಿಯೋಸಿನ್ ಮಾಡಿತು ಎಂದು ನಾನು ಹೇಳಿದರೆ ಸುಳ್ಳಾದೀತು. ಅಂಬಲಿ, ಮೊಸರು, ಉಪ್ಪಿನಕಾಯಿ ಕೆಡದೆ ಉಳಿಯುವುದು ಮುಖ್ಯವಾಗಿ ಹುಳಿಯಿಂದ, ಅಂದರೆ ಲ್ಯಾಕ್ಟಿಕ್ ಆಮ್ಲದಿಂದ. ಬ್ಯಾಕ್ಟೀರಿಯೋಸಿನ್ ಇದ್ದರೆ ಅದು ಮೇಲಿನ ಕಾವಲು. ಹೊಲಕ್ಕೆ ಮುಳ್ಳಿನ ಬೇಲಿ ಇದೆ, ಜೊತೆಗೆ ಒಂದು ನಾಯಿಯೂ ಇದೆ ಎಂದ ಹಾಗೆ. ಆ ನಾಯಿಯೂ ಎಲ್ಲರಿಗೆ ಕಚ್ಚುವಂಥದಲ್ಲ. ನನ್ನ ಹುಳಿ ಗಡಿಗೆಯ ಮೇಲೂ ಆರನೆಯ ದಿನ ಬಿಳಿ ಬೂಸ್ಟು ಬಂತು. ನೈಸಿನ್ ಬೂಸ್ಟಿನ ಮೇಲೆ ಕೆಲಸ ಮಾಡುವುದಿಲ್ಲ ಎಂದು ತಂಗಿಮಗಳಂತಿರುವ ಆ ಹುಡುಗಿ ಮೊದಲೇ ಹೇಳಿದ್ದಳು. ಇ. ಕೋಲಿ, ಸಾಲ್ಮೊನೆಲ್ಲಾದಂಥ ಭೇದಿ, ವಿಷಮಶೀತ ಜ್ವರ ತರುವ ಬ್ಯಾಕ್ಟೀರಿಯಾಗಳಿಗೆ ಮೈಮೇಲೆ ಇನ್ನೊಂದು ಹೊರಪೊರೆ ಇದೆ. ನೈಸಿನ್ ಅದನ್ನು ದಾಟಿ ಒಳಗೆ ಹೋಗಲಾರದು.

ಹುಳಿ ಮಜ್ಜಿಗೆಯನ್ನು ಮೆಣಸಿನ ಗಿಡಕ್ಕೆ ಸಿಂಪಡಿಸುವವರು ನಮ್ಮಲ್ಲಿ ಬಹಳ. ಗುಣ ಕಂಡವರು ಮಾಡಲಿ, ನಾನೂ ಮಾಡಿದ್ದೇನೆ. ಆದರೆ ಎಲೆಯ ಬೂದಿರೋಗ ಬೂಸ್ಟಿನ ಜಾತಿ. ಅದು ಹೋದರೆ ನೈಸಿನ್ನಿಗೆ ಹೆಸರು ಕೊಡುವಂತಿಲ್ಲ.

ನಾನು ಮಾಡಬೇಕೆಂದಿದ್ದ ಹುಚ್ಚು ಕೆಲಸ

ಇಷ್ಟು ಕೇಳಿದ ಮೇಲೆ ನನ್ನ ತಲೆಗೆ ಒಂದು ವಿಚಾರ ಬಂತು. ಮಜ್ಜಿಗೆಯಲ್ಲೇ ಇಂಥ ಕಾವಲು ಇದ್ದರೆ, ಟ್ಯೂಬಿನ ಬದಲು ಸೋಸಿದ ಮಜ್ಜಿಗೆಯನ್ನೇ ಸೂಜಿ ಇಲ್ಲದ ಸಿರಿಂಜಿನಿಂದ ಮೊಲೆಗೆ ಬಿಟ್ಟರೆ ಹೇಗೆ? ರೊಕ್ಕವೂ ಉಳಿಯುತ್ತದೆ. ಬಾಯಿಬಿಟ್ಟು ಕೇಳಿದೆ. ಹುಡುಗಿ ಎದ್ದು ನಿಂತಳು. "ದೊಡ್ಡಪ್ಪಾ, ಅದೊಂದು ಮಾಡಬ್ಯಾಡ್ರಿ. ಆಕಳ ಕೆಚ್ಚಲೇ ಹೋಗ್ತದ."

ಮನೆಯ ಮಜ್ಜಿಗೆಯಲ್ಲಿ ಒಂದೇ ಬ್ಯಾಕ್ಟೀರಿಯಾ ಇರುವುದಿಲ್ಲ. ಕೈಯದು, ಗಡಿಗೆಯದು, ಗಾಳಿಯದು ಎಲ್ಲ ಸೇರಿರುತ್ತದೆ, ಯೀಸ್ಟೂ ಇರುತ್ತದೆ. ಯೀಸ್ಟು ಕೆಚ್ಚಲಿಗೆ ಸೇರಿದರೆ ಆಂಟಿಬಯೋಟಿಕ್ಕಿಗೂ ಬಗ್ಗುವುದಿಲ್ಲ. ಐರ್ಲೆಂಡಿನವರು ಬಿಟ್ಟದ್ದು ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿ ತೆಗೆದ ಲ್ಯಾಕ್ಟಿಸಿನ್, ಗಡಿಗೆಯ ಮಜ್ಜಿಗೆಯಲ್ಲ. ಅದೂ ಅಲ್ಲದೆ ಕೆಚ್ಚಲು ಬಾವು ತರುವುದು ಒಂದೇ ಬ್ಯಾಕ್ಟೀರಿಯಾ ಅಲ್ಲ. ಸ್ಟೆಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ನೈಸಿನ್ನಿಗೆ ಬಗ್ಗಬಹುದು, ಇ. ಕೋಲಿ ಬಗ್ಗುವುದಿಲ್ಲ. ಯಾವುದು ಎಂದು ತಿಳಿಯುವುದು ಹಾಲು ಪರೀಕ್ಷೆ ಮಾಡಿಸಿದರೆ ಮಾತ್ರ. ಇದನ್ನು ಓದಿ ಯಾರಾದರೂ ಮಜ್ಜಿಗೆ ಹಿಡಿದು ದನದ ಕೊಟ್ಟಿಗೆಗೆ ಹೊರಟಿದ್ದರೆ ದಯವಿಟ್ಟು ಅದನ್ನು ಕುಡಿದು ಬಿಡಿ.

ಈಗ ಮಾಡುವುದು

ನನ್ನ ಕೊಟ್ಟಿಗೆಯಲ್ಲಿ ಈ ಒಂದು ವರ್ಷದಲ್ಲಿ ಬದಲಾದದ್ದು ದೊಡ್ಡದೇನಲ್ಲ. ಕರೆಯುವ ಮುಂಚೆ ಕೆಚ್ಚಲು ತೊಳೆದು ಒಣಬಟ್ಟೆಯಿಂದ ಒರೆಸುತ್ತೇವೆ, ಒಂದೊಂದು ದನಕ್ಕೆ ಒಂದೊಂದು ಬಟ್ಟೆ. ಮೊದಲ ಎರಡು ಸೆಳೆತ ಹಾಲನ್ನು ಕಪ್ಪು ತಟ್ಟೆಗೆ ಹಿಂಡಿ ಗಡ್ಡೆ ಇದೆಯೇ ನೋಡುತ್ತೇವೆ. ಕರೆದ ಮೇಲೆ ಮೊಲೆಯ ತೂತು ಅರ್ಧ ತಾಸಾದರೂ ತೆರೆದೇ ಇರುತ್ತದಂತೆ. ಆ ಹೊತ್ತಿಗೆ ಆಕಳು ಸಗಣಿಯಲ್ಲಿ ಮಲಗಿದರೆ ರೋಗವನ್ನು ನಾವೇ ಕರೆದಂತೆ. ಅದಕ್ಕೆ ಮೊಲೆಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಕರೆದ ಕೂಡಲೇ ಮುಂದೆ ಕಣಿಕೆ ಹಾಕುತ್ತೇವೆ. ತಿನ್ನುತ್ತಾ ನಿಂತಿರುತ್ತದೆ. ಈ ಕಣಿಕೆಯ ಉಪಾಯಕ್ಕೆ ಒಂದು ಪೈಸೆ ಖರ್ಚಿಲ್ಲ. ಇಷ್ಟು ವರ್ಷ ಕರೆಯುವ ಮೊದಲೇ ಮೇವು ಹಾಕಿ ಮುಗಿಸುತ್ತಿದ್ದೆ.

ಬಾವು ಬಂದರೆ ಡಾಕ್ಟರಿಗೆ ಫೋನ್. ಟ್ಯೂಬು ಬಿಟ್ಟರೆ ಡಬ್ಬಿಯ ಮೇಲಿನ ತಾಸು ಓದಿಸಿಕೊಂಡು ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯುತ್ತೇನೆ. ಒಂದೊಂದು ಔಷಧಿಗೆ ಒಂದೊಂದು ಲೆಕ್ಕ. ಬಾವು ಒಂದೇ ಮೊಲೆಗೆ ಇದ್ದರೂ ನಾಲ್ಕೂ ಮೊಲೆಯ ಹಾಲು ಹೊರಗೆ, ಔಷಧಿ ರಕ್ತದಲ್ಲಿ ಸೇರಿ ಉಳಿದ ಮೊಲೆಗೂ ಬರುತ್ತದೆ. ಕರುವಿಗೂ ಅದನ್ನು ಕುಡಿಸುವುದಿಲ್ಲ. ಟ್ಯೂಬು ಎಷ್ಟು ದಿನ ಎಂದಿದ್ದಾರೋ ಅಷ್ಟೂ ದಿನ ಬಿಡುತ್ತೇವೆ, ಬಾವು ಇಳಿಯಿತೆಂದು ನಡುವೆ ಬಿಡುವುದಿಲ್ಲ.

ಗಡುವು ಮುಗಿದ ಮೇಲೆ ಮತ್ತೆ ಎರಡು ಬಟ್ಟಲು ಇಡುತ್ತೇನೆ. ಇದನ್ನು ಪೂರ್ತಿ ನಂಬಬೇಡಿ. ಔಷಧಿ ತೀರ ಸ್ವಲ್ಪ ಉಳಿದಿದ್ದರೂ ಮೊಸರು ಆಗಿಬಿಡಬಹುದು. ಮೊಸರಾಯಿತೆಂದು ಗಡುವು ಮುಂಚೆ ಹಾಲು ಮಾರುವಂತಿಲ್ಲ. ಗಡುವು ಮುಗಿದೂ ಮೊಸರಾಗದಿದ್ದರೆ ಮಾತ್ರ ಇನ್ನೂ ಕಾಯಬೇಕು ಎಂದು ಅರ್ಥ.

ಈ ಮಾಘದಲ್ಲಿ ಜರ್ಸಿ ಮತ್ತೆ ಈಯಿತು. ಹದಿನೈದನೆಯ ದಿನ ಹಿಂದಿನ ಓಣಿಯ ಆ ಹೆಣ್ಣುಮಗಳು ಬಂದು ಎರಡು ಲೀಟರು ಕೇಳಿದಳು. ಹಾಲು ಅಳೆದು ಹಾಕುವ ಮುಂಚೆ ಒಂದು ಬಟ್ಟಲು ಬೇರೆ ತೆಗೆದಿಟ್ಟೆ. "ಅದ್ಯಾಕಣ್ಣಾ?" ಎಂದಳು. ಹೇಳಿದೆ. ಮರುದಿನ ಬೆಳಿಗ್ಗೆ ಅವಳೇ ಮೊದಲು ಬಂದು ನಮ್ಮ ಬಟ್ಟಲು ಎತ್ತಿ ಓರೆ ಮಾಡಿ ನೋಡಿದಳು. ಅಲ್ಲಾಡಲಿಲ್ಲ.